ಹತೋಟಿಗೆ ಬಾರದ ಥೈರಾಯ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಅಂತ ಗೊತ್ತಾಗಿ ಹದಿನಾಲ್ಕು ವರ್ಷ ಆಯಿತು. ಮೊದಲ ಐದು ವರ್ಷ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಹತೋಟಿಯಲ್ಲಿದೆಯಾ ಅಂತ ತೋರಿಸುವ ರಕ್ತಪರೀಕ್ಷೆಯ ನಂಬರ್, ಒಂದು ಕಡೆ ನಿಂತಿದ್ದೇ ಇಲ್ಲ. ಒಮ್ಮೆ ಮೇಲೆ, ಒಮ್ಮೆ ಪಾತಾಳ. ಅದು ಹೇಗೋ ಗೊತ್ತಾಗಿ, ಈಗ ಇದೇ ತೊಂದರೆ ಇರುವವರು ನನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ. ಡೋಸ್ ಬದಲಿಸುವುದು ನಿಮ್ಮ ಡಾಕ್ಟರ ಕೆಲಸ. ಆದರೆ ಅವರ ಮುಂದೆ ಕೂರುವ ಮೊದಲು ನೀವು ಏನೇನು ನೋಡಿಕೊಂಡಿರಬೇಕು ಅನ್ನುವುದನ್ನು ಹೇಳಬಲ್ಲೆ.

## ಮೊದಲು ಗೊತ್ತಿರಬೇಕಾದ್ದು

ಥೈರಾಯ್ಡ್ ಕಡಿಮೆ ಅಂತಾರೆ, ಆದ್ರೆ ರಿಪೋರ್ಟಲ್ಲಿ ಟಿಎಸ್‌ಎಚ್ ಜಾಸ್ತಿ ಇದೆ. ಉಲ್ಟಾ ಆಯ್ತಲ್ವಾ?

ಉಲ್ಟಾನೇ. ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ ಅದು. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಕೂತಿರುವ ಥೈರಾಯ್ಡ್ ಟಿ4 ಮತ್ತು ಸ್ವಲ್ಪ ಟಿ3 ತಯಾರಿಸುತ್ತದೆ. ರಕ್ತದಲ್ಲಿ ಇವು ಕಡಿಮೆಯಾದರೆ ಪಿಟ್ಯುಟರಿ ಕೂಗು ಜೋರು ಮಾಡುತ್ತದೆ, ಟಿಎಸ್‌ಎಚ್ ಏರುತ್ತದೆ. ಸಾಕಷ್ಟು ಇದ್ದರೆ ದನಿ ತಗ್ಗಿಸುತ್ತದೆ. ನಾವು ನುಂಗುವ ಮಾತ್ರೆ ಲೆವೋಥೈರಾಕ್ಸಿನ್, ಅಂದರೆ ಟಿ4. ದೇಹ ಅದನ್ನು ತನಗೆ ಬೇಕಾದ ಹಾಗೆ ಟಿ3 ಮಾಡಿಕೊಳ್ಳುತ್ತದೆ.

ನನಗೇ ಯಾಕೆ ಬಂತು? ಏನು ತಪ್ಪು ಮಾಡಿದೆ?

ಏನೂ ಇಲ್ಲ. ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಬಹುಪಾಲು ಜನರಿಗೆ ಕಾರಣ ಹಾಶಿಮೊಟೊ ಕಾಯಿಲೆ. ಜಪಾನಿನ ಡಾಕ್ಟರ್ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಥೈರಾಯ್ಡನ್ನು ಶತ್ರು ಅಂದುಕೊಂಡು ನಿಧಾನಕ್ಕೆ ತಿಂದುಹಾಕುತ್ತದೆ. ಥೈರಾಯ್ಡ್ ಆಪರೇಷನ್, ರೇಡಿಯೋ ಅಯೋಡಿನ್ ಚಿಕಿತ್ಸೆ, ಲಿಥಿಯಂ ಮತ್ತು ಅಮಿಯೋಡರೋನ್ ತರಹದ ಔಷಧಿಗಳಿಂದಲೂ ಬರುತ್ತದೆ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಇದ್ದರೆ ಬರುವ ಸಾಧ್ಯತೆ ಜಾಸ್ತಿ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು.

ಜೀವನಪೂರ್ತಿ ಮಾತ್ರೆ ತಗೋಬೇಕಾ?

ಹೆಚ್ಚಿನವರು ತಗೋಬೇಕು. ಹೆರಿಗೆಯ ನಂತರ ಬರುವ ಕೆಲವು ಥೈರಾಯ್ಡ್ ಉರಿಯೂತಗಳು ತಾವಾಗಿಯೇ ಸರಿಹೋಗುತ್ತವೆ. ಟಿಎಸ್‌ಎಚ್ ಸ್ವಲ್ಪವೇ ಏರಿ ಟಿ4 ಸರಿಯಾಗಿದ್ದರೆ ಡಾಕ್ಟರ್ ಕಾದು ನೋಡಬಹುದು. ಗ್ರಂಥಿಯೇ ಹಾಳಾಗಿದ್ದರೆ ಬೇರೆ ದಾರಿಯಿಲ್ಲ.

ಈ ಪ್ರಶ್ನೆ ಕೇಳುವವರ ಮುಖದಲ್ಲಿ ಒಂದು ಸೋಲು ಇರುತ್ತದೆ. ಅವರಿಗೆ ನಾನು ಹೇಳುವ ಕಥೆ ಒಂದಿದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ಡಾಕ್ಟರ್, ಥೈರಾಯ್ಡ್ ಪೂರ್ತಿ ಸೋತಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡಿನಿಂದ ತೆಗೆದ ರಸವನ್ನು ಚುಚ್ಚುಮದ್ದಾಗಿ ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಆಕೆ ಮತ್ತೆ 28 ವರ್ಷ ಬದುಕಿದರು, 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷ ಕುರಿಯ ಥೈರಾಯ್ಡನ್ನೇ ನೆಚ್ಚಿಕೊಂಡು. ನಮ್ಮದು ಒಂದು ಚಿಕ್ಕ ಮಾತ್ರೆ, ಅಷ್ಟೇ.

ನಾರ್ಮಲ್ ಅಂದ್ರೆ ಎಷ್ಟು?

ಹೆಚ್ಚಿನ ಲ್ಯಾಬುಗಳಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಅದಕ್ಕೇ ರಿಪೋರ್ಟಿನ ಪಕ್ಕದಲ್ಲಿರುವ ಅವರ ಮಿತಿಯನ್ನು ನೋಡಿ. ಗರ್ಭಿಣಿಯರಿಗೆ ಲೆಕ್ಕ ಬೇರೆ, ಎಪ್ಪತ್ತು ದಾಟಿದವರಿಗೆ ಬೇರೆ. ಅದನ್ನು ಮುಂದೆ ಹೇಳಿದ್ದೇನೆ.

## ಮಾತ್ರೆಯ ವಿಷಯ

ಖಾಲಿ ಹೊಟ್ಟೆ ಅಂತಾರೆ. ಎಷ್ಟು ಖಾಲಿ? ಕಾಫಿನೂ ಕುಡಿಯೋ ಹಾಗಿಲ್ವಾ?

ನೀರಿನ ಜೊತೆ ಮಾತ್ರೆ. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಕಾಫಿಯೂ ಬೇಡ. ಹಾಲು ಹಾಕದ ಕಪ್ಪು ಕಾಫಿಯೂ ಮಾತ್ರೆ ಹೀರುವುದನ್ನು ಕಡಿಮೆ ಮಾಡುತ್ತದೆ. "ಬರೀ ಕಾಫಿ ತಾನೇ" ಅನ್ನುವ ಮಾತನ್ನು ನಾನು ಎಣಿಸಲಾಗದಷ್ಟು ಸಲ ಕೇಳಿದ್ದೇನೆ. ನಾನೂ ಹೇಳಿದ್ದೇನೆ.

ಹೊಟ್ಟೆ ಖಾಲಿ ಇದ್ದಾಗಲೂ ನುಂಗಿದ ಲೆವೋಥೈರಾಕ್ಸಿನ್ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ನೂರಕ್ಕೆ ಸುಮಾರು 70ರಿಂದ 80 ಪಾಲು ಸೇರುತ್ತದೆ. ಊಟ, ಕಾಫಿ, ಸೋಯಾ, ನಾರಿನ ಪುಡಿ ಇವೆಲ್ಲ ಅದನ್ನು ಇನ್ನೂ ಇಳಿಸುತ್ತವೆ. ಇಳಿದರೂ ದಿನಾ ಒಂದೇ ಅಳತೆಯಲ್ಲಿ ಇಳಿದರೆ ಡೋಸ್ ಹೊಂದಿಸಬಹುದು. ಇವತ್ತು ಕಾಫಿ ಜೊತೆ, ನಾಳೆ ನೀರಿನ ಜೊತೆ, ನಾಡಿದ್ದು ತಿಂಡಿ ಆದಮೇಲೆ ಅಂದರೆ ಯಾವ ಡಾಕ್ಟರೂ ಏನೂ ಮಾಡಲಾರರು.

ಕ್ಯಾಲ್ಸಿಯಂ, ಐರನ್ ಮಾತ್ರೆ ಕೂಡ ಇದೆ. ಎಲ್ಲಾ ಒಟ್ಟಿಗೆ ನುಂಗಿಬಿಡಲಾ?

ಬೇಡ. ದಯವಿಟ್ಟು ಬೇಡ. ನಾಲ್ಕು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮತ್ತು ಐರನ್ ಎರಡೂ ಹೊಟ್ಟೆಯೊಳಗೇ ಥೈರಾಕ್ಸಿನ್ನನ್ನು ಹಿಡಿದು ಕಟ್ಟಿಹಾಕುತ್ತವೆ. ಅದು ರಕ್ತಕ್ಕೆ ಹೋಗದೆ ಹಾಗೇ ಹೊರಗೆ ಹೋಗುತ್ತದೆ. ಮಲ್ಟಿವಿಟಮಿನ್ ಮಾತ್ರೆಯಲ್ಲೂ ಇವೆರಡು ಇರುತ್ತವೆ, ಆಂಟಾಸಿಡ್‌ನಲ್ಲೂ ಕ್ಯಾಲ್ಸಿಯಂ ಅಥವಾ ಅಲ್ಯೂಮಿನಿಯಂ ಇರುತ್ತದೆ.

ನನ್ನ ಐದು ವರ್ಷದಲ್ಲಿ ಎರಡು ವರ್ಷ ಹಾಳಾಗಿದ್ದು ಇಲ್ಲೇ. ನನ್ನ ಹತ್ತಿರ ವಾರದ ಏಳು ಖಾನೆಗಳ ಪ್ಲಾಸ್ಟಿಕ್ ಡಬ್ಬಿ ಇತ್ತು. ಭಾನುವಾರ ರಾತ್ರಿ ಶಿಸ್ತಾಗಿ ಕೂತು ತುಂಬಿಸುತ್ತಿದ್ದೆ. ಒಂದೊಂದು ಖಾನೆಗೂ ಒಂದು ಚಿಕ್ಕ ಬಿಳಿ ಮಾತ್ರೆ, ಪಕ್ಕದಲ್ಲಿ ಒಂದು ದಪ್ಪ ಕ್ಯಾಲ್ಸಿಯಂ ಮಾತ್ರೆ. ಬೆಳಗ್ಗೆ ಎದ್ದು ಎರಡನ್ನೂ ಅಂಗೈಗೆ ಸುರಿದುಕೊಂಡು ಒಂದೇ ಗುಟುಕಿಗೆ ನುಂಗುತ್ತಿದ್ದೆ. ಒಂದು ದಿನವೂ ತಪ್ಪಿಸಿದವನಲ್ಲ. ಥೈರಾಯ್ಡಿನ ಡಾಕ್ಟರಿಗೆ ಕ್ಯಾಲ್ಸಿಯಂ ವಿಷಯ ಗೊತ್ತಿರಲಿಲ್ಲ, ಕ್ಯಾಲ್ಸಿಯಂ ಬರೆದ ಮೂಳೆ ಡಾಕ್ಟರಿಗೆ ಥೈರಾಯ್ಡ್ ವಿಷಯ ನಾನು ಹೇಳಿರಲಿಲ್ಲ. ಡೋಸ್ 75ರಿಂದ 100, 125, ಕೊನೆಗೆ 150 ಮೈಕ್ರೋಗ್ರಾಂ ಆಯಿತು. ಟಿಎಸ್‌ಎಚ್ 10ರ ಕೆಳಗೆ ಇಳಿಯಲೇ ಇಲ್ಲ.

ಒಂದು ದಿನ ಆ ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಮುಚ್ಚಳ ತೆಗೆದು ನೋಡಿ ನಕ್ಕುಬಿಟ್ಟರು. ಕ್ಯಾಲ್ಸಿಯಂ ರಾತ್ರಿಗೆ ಹೋಯಿತು. ಆದರೆ ನಾನು ಒಂದು ತಪ್ಪು ಮಾಡಿದೆ. ಆರು ವಾರಕ್ಕೆ ಟೆಸ್ಟ್ ಮಾಡಿಸಿ ಅಂದಿದ್ದರು, ನಾನು ನಾಲ್ಕು ತಿಂಗಳು ಬಿಟ್ಟೆ. ಕಟ್ಟೆ ಒಡೆದ ಹಾಗೆ 150 ಪೂರ್ತಿ ಒಳಗೆ ಹೋಗತೊಡಗಿತು. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಟಿಎಸ್‌ಎಚ್ 0.05. ಕೊನೆಗೆ 100ಕ್ಕೆ ಬಂದು ನಿಂತೆ. ಅಡ್ಡಿ ತೆಗೆದ ಮೇಲೆ ಹಳೆಯ ದೊಡ್ಡ ಡೋಸ್ ದೇಹಕ್ಕೆ ಜಾಸ್ತಿಯಾಗುತ್ತದೆ ಅನ್ನುವುದನ್ನು ಮರೆಯಬೇಡಿ.

ಹೆಂಗಸರಿಗೆ ಐರನ್ ವಿಷಯದಲ್ಲಿ ಒಂದು ಸುಳಿ ಇದೆ. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಬಹುದು. ಅದರಿಂದ ರಕ್ತಹೀನತೆ. ಅದಕ್ಕೆ ಐರನ್ ಮಾತ್ರೆ. ಅದನ್ನು ಥೈರಾಯ್ಡ್ ಮಾತ್ರೆಯ ಜೊತೆ ನುಂಗಿದರೆ ಟಿಎಸ್‌ಎಚ್ ಮತ್ತೆ ಏರುತ್ತದೆ, ಮುಟ್ಟು ಮತ್ತೆ ಜಾಸ್ತಿಯಾಗುತ್ತದೆ. ಈ ಸುಳಿಯಿಂದ ಹೊರಗೆ ಬರಲು ಬೇಕಾದ್ದು ಬರೀ ನಾಲ್ಕು ಗಂಟೆ.

ಬೆಳಗ್ಗೆ ಪುರುಸೊತ್ತೇ ಇಲ್ಲ. ರಾತ್ರಿ ತಗೊಂಡ್ರೆ ನಡೆಯುತ್ತಾ?

ನಡೆಯುತ್ತದೆ. ಊಟ ಮುಗಿದು ಮೂರು ಗಂಟೆಯಾದರೂ ಆಗಿರಬೇಕು. ಬೆಳಗ್ಗೆ ಓಡಾಟ ಇರುವವರಿಗೆ, ಕಾಫಿ ಬಿಡಲಾಗದವರಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಕ್ಯಾಲ್ಸಿಯಂ ರಾತ್ರಿ ತಗೊಳ್ಳುತ್ತಿದ್ದರೆ ಅದನ್ನು ಮಧ್ಯಾಹ್ನಕ್ಕೆ ಸರಿಸಿ. ಹೊತ್ತು ಬದಲಿಸಿದರೆ ಡಾಕ್ಟರಿಗೆ ಹೇಳಿ, ಆರೆಂಟು ವಾರಕ್ಕೆ ಒಂದು ಟೆಸ್ಟ್ ಮಾಡಿಸಿ.

ಒಂದು ದಿನ ಮರೆತೆ. ಏನಾದ್ರೂ ಆಗುತ್ತಾ?

ಒಂದು ದಿನಕ್ಕೆ ಏನೂ ಆಗುವುದಿಲ್ಲ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಅದೇ ದಿನ ನೆನಪಾದರೆ, ಹೊಟ್ಟೆ ಖಾಲಿ ಇರುವ ಹೊತ್ತು ನೋಡಿ ತಗೊಳ್ಳಿ. ಮಾರನೇ ದಿನ ಎರಡು ನುಂಗಬಹುದಾ ಅನ್ನುವುದನ್ನು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೃದಯದ ತೊಂದರೆ ಇರುವವರು ತಾವಾಗಿಯೇ ಹಾಗೆ ಮಾಡಬಾರದು.

ನಿಜವಾದ ತೊಂದರೆ ವಾರಕ್ಕೆ ಎರಡು ಮೂರು ದಿನ ಮರೆಯುವುದು. ಮರೆತದ್ದು ಮರೆತೇ ಹೋಗುತ್ತದೆ, ಅದೇ ಇದರ ಮಜಾ. ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ತಾರೀಕು ಬರೆದಿಡಿ. ತಿಂಗಳ ಕೊನೆಗೆ ಎಷ್ಟು ಉಳಿದಿವೆ ಅಂತ ಎಣಿಸಿದರೆ ಸತ್ಯ ಗೊತ್ತಾಗುತ್ತದೆ.

ಅಂಗಡಿಯವರು ಬೇರೆ ಕಂಪನಿ ಮಾತ್ರೆ ಕೊಟ್ರು. ಎರಡೂ ಒಂದೇ ಅಂತಾರೆ, ಹೌದಾ?

ಒಳಗಿನ ಔಷಧಿ ಒಂದೇ. ಆದರೆ ಮಾತ್ರೆ ಕರಗುವ ರೀತಿ, ಜೊತೆಗೆ ಸೇರಿಸಿದ ಪುಡಿಗಳು ಬೇರೆ ಇರಬಹುದು. ಎಷ್ಟೋ ಜನರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ. ಟಿಎಸ್‌ಎಚ್ ಓಲಾಡುವವರು ಮಾತ್ರ ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳುವುದು ವಾಸಿ. ಅನಿವಾರ್ಯವಾಗಿ ಬದಲಾದರೆ ಆರು ವಾರಕ್ಕೆ ಟೆಸ್ಟ್. ಇನ್ನೊಂದು ವಿಷಯ: 25, 50, 100 ಮೈಕ್ರೋಗ್ರಾಂ ಮಾತ್ರೆಗಳ ಪೊಟ್ಟಣ ನೋಡಲು ಒಂದೇ ಥರ ಇರಬಹುದು. ಮನೆಗೆ ಬಂದ ಮೇಲಲ್ಲ, ಅಂಗಡಿಯಲ್ಲೇ ನಂಬರ್ ಓದಿ.

ಮಾತ್ರೆ ಫ್ರಿಜ್‌ನಲ್ಲಿ ಇಡಬೇಕಾ?

ಪೊಟ್ಟಣದ ಮೇಲೆ ಹಾಗಂತ ಬರೆದಿದ್ದರೆ ಮಾತ್ರ. ಬಿಸಿಲು, ಬಿಸಿ, ತೇವ ಈ ಮೂರೂ ಇದಕ್ಕೆ ಆಗುವುದಿಲ್ಲ. ಸ್ನಾನದ ಕೋಣೆಯ ಕಪಾಟು, ಒಲೆಯ ಮೇಲಿನ ಶೆಲ್ಫ್, ಬಿಸಿಲಲ್ಲಿ ನಿಂತ ಕಾರು ಇವೆಲ್ಲ ಕೆಟ್ಟ ಜಾಗ. ಆದಷ್ಟು ಸ್ಟ್ರಿಪ್ಪಿನಲ್ಲೇ ಇರಲಿ.

## ಟೆಸ್ಟಿನ ವಿಷಯ

ಡೋಸ್ ಬದಲಿಸಿ ಎರಡು ವಾರ ಆಯ್ತು. ಈಗ ಟೆಸ್ಟ್ ಮಾಡಿಸಲಾ?

ಸುಮ್ನೆ ರಕ್ತ ಹಾಳು. ಹೊಸ ಡೋಸ್ ರಕ್ತದಲ್ಲಿ ಒಂದು ಮಟ್ಟಕ್ಕೆ ಬರಲು ಐದಾರು ವಾರ ಬೇಕು. ಪಿಟ್ಯುಟರಿ ಹೊಂದಿಕೊಳ್ಳಲು ಇನ್ನೂ ಸ್ವಲ್ಪ ದಿನ. ಅದಕ್ಕೇ ಆರರಿಂದ ಎಂಟು ವಾರ ಅನ್ನುವುದು. ಎರಡು ವಾರಕ್ಕೆ ಬಂದ ನಂಬರ್ ನೋಡಿ ಡೋಸ್ ಮತ್ತೆ ಏರಿಸಿದರೆ, ಮೊದಲ ಏರಿಕೆ ಪೂರ್ತಿ ಕೆಲಸ ಮಾಡುವ ಹೊತ್ತಿಗೆ ಎರಡನೆಯದೂ ಬಂದು ಸೇರುತ್ತದೆ. ಆಮೇಲೆ ಇಳಿಸಬೇಕು, ಮತ್ತೆ ಏರಿಸಬೇಕು. ಹತೋಟಿಗೆ ಬರುತ್ತಿಲ್ಲ ಅನ್ನುವ ಎಷ್ಟೋ ಥೈರಾಯ್ಡುಗಳು ನಿಜವಾಗಿ ಆತುರದಿಂದ ಹಾಳಾದವು.

ಟೆಸ್ಟಿನ ದಿನ ಮಾತ್ರೆ ತಗೊಂಡು ಹೋಗ್ಬೇಕಾ, ಬಿಟ್ಟು ಹೋಗ್ಬೇಕಾ?

ರಕ್ತ ಕೊಟ್ಟ ಮೇಲೆ ತಗೊಳ್ಳಿ. ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಫ್ರೀ ಟಿ4, ಅಂದರೆ ರಕ್ತದಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4, ಸ್ವಲ್ಪ ಏರಿರುತ್ತದೆ. ಟಿಎಸ್‌ಎಚ್ ಕೂಡ ದಿನವಿಡೀ ಒಂದೇ ಇರುವುದಿಲ್ಲ. ರಾತ್ರಿ ಜಾಸ್ತಿ, ಮಧ್ಯಾಹ್ನ ಕಡಿಮೆ. ಬೆಳಗ್ಗೆ ಏಳಕ್ಕೆ ಕೊಟ್ಟ ರಕ್ತವನ್ನು ಕಳೆದ ಸಲ ಸಂಜೆ ಕೊಟ್ಟ ರಕ್ತದ ಜೊತೆ ಹೋಲಿಸಿ ಗಾಬರಿಯಾಗಬೇಡಿ. ಪ್ರತಿ ಸಲ ಒಂದೇ ಲ್ಯಾಬ್, ಒಂದೇ ಹೊತ್ತು.

ಕೂದಲು ಉದುರುತ್ತೆ ಅಂತ ಬಯೋಟಿನ್ ತಗೋತಿದ್ದೀನಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಥೈರಾಯ್ಡಿಗೆ ಏನೂ ಇಲ್ಲ, ಟೆಸ್ಟಿಗೆ ಇದೆ. ಬಹಳ ಲ್ಯಾಬ್ ಯಂತ್ರಗಳು ಹಾರ್ಮೋನ್ ಅಳೆಯುವಾಗ ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲಿ ನಿಮ್ಮ ಬಯೋಟಿನ್ ತುಂಬಿದ್ದರೆ ಯಂತ್ರಕ್ಕೆ ಗೊಂದಲ. ಟಿಎಸ್‌ಎಚ್ ಸುಳ್ಳು ಕಡಿಮೆ, ಟಿ4 ಸುಳ್ಳು ಜಾಸ್ತಿ ತೋರಿಸುತ್ತದೆ. ದೇಹಕ್ಕೆ ದಿನಕ್ಕೆ ಬೇಕಾದ್ದು ಸುಮಾರು 30 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುತ್ತದೆ, ಅಂದರೆ ನೂರಾರು ಪಟ್ಟು. ಆ ರಿಪೋರ್ಟ್ ನಂಬಿ ಡೋಸ್ ಇಳಿಸಿದರೆ ಕೂದಲು ಇನ್ನೂ ಉದುರುತ್ತದೆ! ಟೆಸ್ಟಿಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಡೋಸ್ ಬಹಳ ದೊಡ್ಡದಿದ್ದರೆ ಇನ್ನೂ ಮುಂಚೆ.

ಡೋಸ್ ಬದಲಾಗಿದ್ದು 25 ಅಷ್ಟೇ. ಟಿಎಸ್‌ಎಚ್ 9ರಿಂದ 0.3ಕ್ಕೆ ಬಿತ್ತು. ಲ್ಯಾಬ್ ತಪ್ಪಾ?

ತಪ್ಪೇ ಇರಬೇಕಿಲ್ಲ. ಟಿ4 ಒಂದು ಹೆಜ್ಜೆ ಇಟ್ಟರೆ ಟಿಎಸ್‌ಎಚ್ ಹತ್ತು ಹೆಜ್ಜೆ ಓಡುತ್ತದೆ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ನೂರು ಪಟ್ಟಿನವರೆಗೂ ಏರಬಲ್ಲದು. ಅದಕ್ಕೇ ಅದು ಇಷ್ಟು ಒಳ್ಳೆಯ ಟೆಸ್ಟ್, ಅದಕ್ಕೇ ಇಷ್ಟು ತಲೆನೋವು. 3 ಇದ್ದದ್ದು 4 ಆಯಿತು ಅಂದರೆ ಏನೂ ಆಗಿಲ್ಲ ಅಂತಲೇ ಲೆಕ್ಕ. ದೊಡ್ಡ ನೆಗೆತ ಕಂಡರೆ ಡಾಕ್ಟರು ಮುಂದಿನ ಸಲ 12.5ರಷ್ಟು ಸಣ್ಣ ಹೆಜ್ಜೆ ಇಡಬಹುದು.

## ಎಷ್ಟು ಮಾಡಿದರೂ ಹತೋಟಿಗೆ ಬರದಿದ್ದಾಗ

ಎಲ್ಲಾ ಸರಿಯಾಗೇ ಮಾಡ್ತಿದ್ದೀನಿ. ಡೋಸ್ ಏರ್ತಾನೇ ಇದೆ, ಟಿಎಸ್‌ಎಚ್ ಇಳೀತಾನೇ ಇಲ್ಲ. ಯಾಕೆ?

ನನ್ನ ಕೇಳಿದರೆ, ಡೋಸ್ ಇನ್ನೂ ಏರಿಸುವ ಮೊದಲು ಮಾತ್ರೆಯ ದಾರಿ ನೋಡಿ. ಸ್ಟ್ರಿಪ್ಪಿನಿಂದ ರಕ್ತದವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಸೋರುತ್ತಿದೆ.

ಗ್ರಂಥಿ ಪೂರ್ತಿ ನಿಂತುಹೋದವರಿಗೂ ಸಾಮಾನ್ಯವಾಗಿ ಬೇಕಾಗುವುದು ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ. 60 ಕಿಲೋ ಇರುವವರಿಗೆ 100ರ ಹತ್ತಿರ. ಅದಕ್ಕಿಂತ ತುಂಬಾ ಜಾಸ್ತಿ ತಗೊಂಡೂ ಟಿಎಸ್‌ಎಚ್ ಮೇಲೇ ಇದ್ದರೆ ಅನುಮಾನ ಪಡಲೇಬೇಕು.

ಮೊದಲ ಅನುಮಾನ, ಮರೆತ ಮಾತ್ರೆಗಳು ಮತ್ತು ಜೊತೆಗೆ ನುಂಗುವ ಬೇರೆ ಮಾತ್ರೆಗಳು. ಆಮೇಲೆ ಹೊಟ್ಟೆ. ಮಾತ್ರೆ ಸರಿಯಾಗಿ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ದಿನಾ ಗ್ಯಾಸ್ ಮಾತ್ರೆ ತಗೊಳ್ಳುವವರಲ್ಲಿ, ಹೊಟ್ಟೆಯ ಒಳಪದರ ಸವೆದವರಲ್ಲಿ, ಹೆಲಿಕೋಬ್ಯಾಕ್ಟರ್ ಸೋಂಕು ಇರುವವರಲ್ಲಿ ಆಮ್ಲ ಕಡಿಮೆ. ಕರಗಿದ ಮೇಲೆ ಹೀರಿಕೊಳ್ಳುವುದು ಸಣ್ಣ ಕರುಳು. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯಲ್ಲಿ ಆ ಕರುಳೇ ಹಾಳಾಗಿರುತ್ತದೆ. ಹಾಶಿಮೊಟೊ ಇರುವವರಲ್ಲಿ ಸೀಲಿಯಾಕ್ ಉಳಿದವರಿಗಿಂತ ಜಾಸ್ತಿ ಕಾಣಿಸುತ್ತದೆ. ಭೇದಿ, ಹೊಟ್ಟೆಯುಬ್ಬರ ಏನೂ ಇಲ್ಲದೆ, ಬರೀ ಇಳಿಯದ ಟಿಎಸ್‌ಎಚ್ ಮತ್ತು ವಾಸಿಯಾಗದ ರಕ್ತಹೀನತೆಯಾಗಿಯೇ ಅದು ತೋರಿಸಿಕೊಳ್ಳಬಹುದು. ಒಂದು ರಕ್ತಪರೀಕ್ಷೆಯಿಂದ ಹುಡುಕಾಟ ಶುರುಮಾಡಬಹುದು, ಕೇಳಿ ನೋಡಿ. ಆದರೆ ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ಕಾಣಿಸದೆ ಹೋಗಬಹುದು. ಹಾಲಿನ ಲ್ಯಾಕ್ಟೋಸ್ ಆಗದವರಲ್ಲೂ, ತೂಕ ಇಳಿಸುವ ಆಪರೇಷನ್ ಆದವರಲ್ಲೂ ಮಾತ್ರೆ ಸರಿಯಾಗಿ ಹೀರುವುದಿಲ್ಲ.

ಆಮೇಲೆ ರಕ್ತಕ್ಕೆ ಬಂದದ್ದು ಬೇಗ ಖರ್ಚಾಗುವ ಸಾಧ್ಯತೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವು ಥೈರಾಕ್ಸಿನ್ನನ್ನು ಬೇಗ ಕರಗಿಸುತ್ತವೆ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆ ಶುರುಮಾಡಿದರೂ ಡೋಸ್ ಹೆಚ್ಚು ಬೇಕಾಗಬಹುದು. ಮೂತ್ರದಲ್ಲಿ ಪ್ರೋಟೀನ್ ತುಂಬಾ ಹೋಗುವ ಕಿಡ್ನಿ ಕಾಯಿಲೆಯಲ್ಲಿ ಹಾರ್ಮೋನೂ ಅದರ ಜೊತೆ ಹೋಗಿಬಿಡುತ್ತದೆ.

ಕೊನೆಯದಾಗಿ, ನಂಬರೇ ಸುಳ್ಳಿರಬಹುದು. ಕೆಲವರ ರಕ್ತದಲ್ಲಿ ಟಿಎಸ್‌ಎಚ್‌ಗೆ ಪ್ರತಿಕಾಯ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ಮಾಡುವ ಪ್ರೋಟೀನ್, ಅಂಟಿಕೊಂಡು ದೊಡ್ಡ ಉಂಡೆಯಾಗಿರುತ್ತದೆ. ಅದು ಕೆಲಸ ಮಾಡುವುದಿಲ್ಲ, ಯಂತ್ರಕ್ಕೆ ಮಾತ್ರ ಕಾಣಿಸುತ್ತದೆ. ಟಿ4 ಚೆನ್ನಾಗಿದ್ದು, ನೀವೂ ಚೆನ್ನಾಗಿದ್ದು, ಟಿಎಸ್‌ಎಚ್ ಮಾತ್ರ ಏರಿದ್ದರೆ ಬೇರೆ ವಿಧಾನದ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು. ಇದು ಅಪರೂಪ, ಮೊದಲೇ ಇದನ್ನು ಹಿಡಿದುಕೊಂಡು ಕೂರಬೇಡಿ.

ನೀವು ಮಾತ್ರೆ ತಗೋತಿಲ್ಲ ಅಂತ ಡಾಕ್ಟರ್ ಮುಖಕ್ಕೇ ಹೇಳಿದ್ರು. ಏನ್ ಮಾಡ್ಲಿ?

ಕೋಪ ಬರುವುದು ಸಹಜ. ಆದರೆ ಇಳಿಯದ ಟಿಎಸ್‌ಎಚ್‌ಗೆ ಅತಿ ಸಾಮಾನ್ಯ ಕಾರಣ ಅದೇ, ಹಾಗಾಗಿ ಅವರು ಕೇಳಲೇಬೇಕು. ತಪ್ಪಿದ್ದರೆ ಒಪ್ಪಿಕೊಳ್ಳಿ, ಡೋಸ್ ಸುಮ್ಮನೆ ಏರುವುದು ತಪ್ಪುತ್ತದೆ. ತಪ್ಪಿಲ್ಲದಿದ್ದರೆ ಹೀರುವಿಕೆಯ ಪರೀಕ್ಷೆ ಇದೆಯಾ ಅಂತ ಕೇಳಿ. ಆಸ್ಪತ್ರೆಯಲ್ಲಿ ಕೂರಿಸಿ, ಕಣ್ಣೆದುರೇ ಒಂದು ದೊಡ್ಡ ಡೋಸ್, ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಕೊಡುತ್ತಾರೆ. ಆಮೇಲೆ ಕೆಲವು ಗಂಟೆಗಳವರೆಗೆ ಆಗಾಗ ರಕ್ತ ತೆಗೆದು ಟಿ4 ಏರುತ್ತದಾ ನೋಡುತ್ತಾರೆ. ಚೆನ್ನಾಗಿ ಏರಿದರೆ ಕರುಳು ಸರಿ ಇದೆ, ತೊಂದರೆ ಮನೆಯಲ್ಲಿದೆ. ಏರದಿದ್ದರೆ ನೀವು ಹೇಳಿದ್ದು ನಿಜ. ಇದನ್ನು ಮನೆಯಲ್ಲಿ ಮಾಡಿ ನೋಡುವ ಹಾಗಿಲ್ಲ.

ಹೀರುವಿಕೆಯೇ ತೊಂದರೆ ಅಂತಾದರೆ ದ್ರವರೂಪದ ಅಥವಾ ಮೆತ್ತನೆ ಕ್ಯಾಪ್ಸೂಲಿನ ಲೆವೋಥೈರಾಕ್ಸಿನ್ ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೆ ಹೊಟ್ಟೆಯ ಆಮ್ಲ ಅಷ್ಟಾಗಿ ಬೇಡ. ಮರೆವೇ ತೊಂದರೆಯಾದರೆ ಇಡೀ ವಾರದ ಡೋಸನ್ನು ಒಂದೇ ದಿನ ಯಾರಾದರೂ ಎದುರು ನಿಂತು ಕೊಡುವ ಕ್ರಮವೂ ಇದೆ. ಎರಡೂ ಡಾಕ್ಟರ ಕೈಯಲ್ಲಿರುವ ದಾರಿ, ವಾರದ ಡೋಸ್ ಹೃದ್ರೋಗಿಗಳಿಗೆ ಅಲ್ಲ.

ಟಿಎಸ್‌ಎಚ್ ನಾರ್ಮಲ್ ಬಂತು. ಆದ್ರೂ ಸುಸ್ತು ಹೋಗಿಲ್ಲ. ನಾನು ನಾಟಕ ಮಾಡ್ತಿದ್ದೀನಾ?

ಇಲ್ಲ. ಚಿಕಿತ್ಸೆಯಲ್ಲಿರುವ ನೂರು ಜನರಲ್ಲಿ ಐದರಿಂದ ಹತ್ತು ಜನ ಹೀಗೇ ಹೇಳುತ್ತಾರೆ. ಒಂದು, ನಂಬರ್ ಸರಿಯಾದ ದಿನವೇ ದೇಹ ಸರಿಯಾಗುವುದಿಲ್ಲ. ಚರ್ಮ, ಕೂದಲು, ಮನಸ್ಸು ಹಿಂದೆ ಬರಲು ತಿಂಗಳುಗಳು ಬೇಕು. ಎರಡು, ಸುಸ್ತಿಗೆ ಥೈರಾಯ್ಡ್ ಒಂದೇ ವಾರಸುದಾರ ಅಲ್ಲ. ಐರನ್, ಬಿ12, ವಿಟಮಿನ್ ಡಿ, ಸಕ್ಕರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ ಇವನ್ನೆಲ್ಲ ನೋಡಿಸಬೇಕು. ಹಾಶಿಮೊಟೊ ಇರುವವರಲ್ಲಿ ಬಿ12 ಹೀರಿಕೊಳ್ಳಲಾಗದ ರಕ್ತಹೀನತೆ ಜಾಸ್ತಿ. ಥೈರಾಯ್ಡ್ ಅಂತ ಒಂದು ಹಣೆಪಟ್ಟಿ ಬಿದ್ದ ಮೇಲೆ ಎಲ್ಲಾ ತೊಂದರೆಯನ್ನೂ ಅದರ ತಲೆಗೇ ಕಟ್ಟುವುದು ನಮ್ಮ ಅಭ್ಯಾಸ, ಡಾಕ್ಟರದ್ದೂ.

ಟಿ3 ಮಾತ್ರೆ ಸೇರಿಸಿದ್ರೆ ಸರಿಹೋಗುತ್ತಂತೆ?

ಕೆಲವರು ಚೆನ್ನಾಗನಿಸಿತು ಅನ್ನುತ್ತಾರೆ. ಆದರೆ ಟಿ4 ಒಂದನ್ನೇ ಕೊಟ್ಟು, ಟಿ4 ಟಿ3 ಸೇರಿಸಿ ಕೊಟ್ಟು ಹೋಲಿಸಿದ ಪರೀಕ್ಷೆಗಳಲ್ಲಿ ಸ್ಪಷ್ಟವಾದ ಲಾಭ ಕಂಡಿಲ್ಲ. ಟಿ3 ಬೇಗ ಏರಿ ಬೇಗ ಇಳಿಯುತ್ತದೆ, ಹೃದಯಕ್ಕೆ ಬಿಸಿ ತಟ್ಟುತ್ತದೆ. ಗರ್ಭಿಣಿಯರಿಗೆ ಬೇಡ. ಉಳಿದೆಲ್ಲ ಕಾರಣ ಹುಡುಕಿ ಮುಗಿದ ಮೇಲೆ, ಹಾರ್ಮೋನ್ ತಜ್ಞರ ಕಣ್ಣಿನಡಿ, ಕೆಲವು ತಿಂಗಳು ಮಾತ್ರ ನೋಡಿ, ಲಾಭವಿಲ್ಲದಿದ್ದರೆ ಬಿಡುವುದು. ಇದು ಮೊದಲ ಮದ್ದಲ್ಲ.

ತೂಕ ಎಲ್ಲಾ ಥೈರಾಯ್ಡಿಂದಾನೇ ಬಂದಿದ್ದು, ಅಲ್ವಾ?

ಕಹಿ ಸತ್ಯ: ಬಹುಪಾಲು ಅಲ್ಲ. ಥೈರಾಯ್ಡ್ ಕಡಿಮೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಹೆಚ್ಚಿನದು ನೀರು ಮತ್ತು ಉಪ್ಪು. ತೂಕ ಇಳಿಸಲೆಂದು ಡೋಸ್ ಏರಿಸಿಕೊಳ್ಳುವುದು ಅಪಾಯ. ತದ್ವಿರುದ್ಧವೂ ನೆನಪಿರಲಿ: ತುಂಬಾ ತೂಕ ಇಳಿದರೆ ಡೋಸ್ ಕಡಿಮೆ ಸಾಕಾಗಬಹುದು.

ಕೋಸು ಬಿಡ್ಬೇಕಾ? ಅಯೋಡಿನ್, ಸೆಲೆನಿಯಂ ತಗೋಬೇಕಾ?

ಬೇಯಿಸಿದ ಕೋಸು ಧಾರಾಳವಾಗಿ ತಿನ್ನಿ. ಅಯೋಡಿನ್ ಮಾತ್ರೆ, ಕಡಲಪಾಚಿಯ ಮಾತ್ರೆ ಬೇಡ. ಹಾಶಿಮೊಟೊ ಇದ್ದರೆ ಅತಿಯಾದ ಅಯೋಡಿನ್ ಗ್ರಂಥಿಯನ್ನು ಇನ್ನಷ್ಟು ಕೆಡಿಸುತ್ತದೆ. ಸೆಲೆನಿಯಂ ಪ್ರತಿಕಾಯಗಳ ಸಂಖ್ಯೆ ಇಳಿಸಬಹುದು, ಆದರೆ ಅದರಿಂದ ಮಾತ್ರೆ ಬಿಡುವ ಹಾಗೆ ಆಗುವುದಿಲ್ಲ.

ಟಿಎಸ್‌ಎಚ್ 0.1 ಇದೆ. ಕಡಿಮೆ ಇದ್ದಷ್ಟೂ ಒಳ್ಳೇದಲ್ವಾ? ಹುರುಪಾಗಿದ್ದೀನಿ.

ಆ ಹುರುಪು ಸಾಲದ ಹುರುಪು. ವರ್ಷಗಟ್ಟಲೆ ಹೀಗೆ ಇದ್ದರೆ ಮೂಳೆ ಸವೆಯುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ವಿಶೇಷವಾಗಿ. ಹೃದಯ ತಾಳ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್ ಬರಬಹುದು, ಅದು ಪಾರ್ಶ್ವವಾಯುವಿಗೂ ದಾರಿ. ಥೈರಾಯ್ಡ್ ಕ್ಯಾನ್ಸರ್ ಆದ ಕೆಲವರಿಗೆ ಡಾಕ್ಟರೇ ಬೇಕೆಂದು ಟಿಎಸ್‌ಎಚ್ ಕೆಳಗಿಟ್ಟಿರುತ್ತಾರೆ. ಅದು ಬೇರೆ ವಿಷಯ.

## ವಿಶೇಷ ಸಂದರ್ಭಗಳು

ಮಗು ಮಾಡ್ಕೋಬೇಕು ಅಂತಿದ್ದೀವಿ. ಈಗ್ಲೇ ಏನಾದ್ರೂ ಮಾಡ್ಬೇಕಾ?

ಹೌದು, ಈಗಲೇ. ಗರ್ಭ ನಿಲ್ಲುವ ಮೊದಲೇ ಟಿಎಸ್‌ಎಚ್ 2.5ರ ಕೆಳಗೆ ತಂದುಕೊಳ್ಳುವುದು ಗುರಿ. ಮೊದಲ ಮೂರು ತಿಂಗಳು ಮಗುವಿಗೆ ಸ್ವಂತ ಥೈರಾಕ್ಸಿನ್ ಇಲ್ಲ, ಅದರ ಮೆದುಳು ಬೆಳೆಯುವುದು ಅಮ್ಮನ ಹಾರ್ಮೋನಿನಲ್ಲಿ. ಹೀಗಾಗಿ ಬಸಿರಾದೆ ಅಂತ ಗೊತ್ತಾದ ಕೂಡಲೇ ಡೋಸ್ ನೂರಕ್ಕೆ ಸುಮಾರು 25ರಿಂದ 30 ಪಾಲು ಏರಬೇಕಾಗುತ್ತದೆ. ಇದಕ್ಕೆ ಒಂದು ಸುಲಭ ಲೆಕ್ಕ: ವಾರಕ್ಕೆ ಏಳು ಮಾತ್ರೆಯ ಬದಲು ಒಂಬತ್ತು. ಬಸಿರಾದ ದಿನ ಡಾಕ್ಟರ್ ಸಿಗದೇ ಹೋಗಬಹುದು, ಆದ್ದರಿಂದ ಈ ಮಾತನ್ನು ಮೊದಲೇ ಆಡಿ, ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಅರ್ಧ ಬಸಿರಿನವರೆಗೆ ನಾಲ್ಕು ವಾರಕ್ಕೊಮ್ಮೆ ಟೆಸ್ಟ್. ಹೆರಿಗೆ ಆದಮೇಲೆ ಹಳೆಯ ಡೋಸ್, ಆರು ವಾರಕ್ಕೆ ಮತ್ತೆ ಟೆಸ್ಟ್. ಬಸಿರಿನಲ್ಲಿ ಕೊಡುವ ಐರನ್, ಕ್ಯಾಲ್ಸಿಯಂಗೂ ಅದೇ ನಾಲ್ಕು ಗಂಟೆ. ಹಾಲೂಡಿಸುವಾಗ ಮಾತ್ರೆ ನಿಲ್ಲಿಸಬೇಕಿಲ್ಲ.

ಅಮ್ಮಂಗೆ 78 ವರ್ಷ, ಹಾರ್ಟ್ ತೊಂದರೆ ಇದೆ. ಟಿಎಸ್‌ಎಚ್ 5.5. ಡೋಸ್ ಯಾಕೆ ಏರಿಸ್ತಿಲ್ಲ?

ಆ ವಯಸ್ಸಿಗೆ 4ರಿಂದ 6 ಒಪ್ಪುವ ಮಟ್ಟವೇ. ಎಳೆಯರ ನಂಬರ್ ಬೆನ್ನಟ್ಟಿದರೆ ಹೃದಯಕ್ಕೆ ಹೊರೆ. ಹೃದ್ರೋಗ ಇದ್ದವರಿಗೆ ಶುರುಮಾಡುವಾಗಲೂ 12.5 ಅಥವಾ 25ರಿಂದ, ನಿಧಾನಕ್ಕೆ. ನಿಮ್ಮ ಡಾಕ್ಟರು ಸುಮ್ಮನಿದ್ದಾರೆ ಅಂದರೆ ಬೇಕೆಂದೇ ಸುಮ್ಮನಿದ್ದಾರೆ.

ಟಿಎಸ್‌ಎಚ್ ನಾರ್ಮಲ್, ಟಿ4 ಕಡಿಮೆ. ಇದೇನು ವಿಚಿತ್ರ?

ತೊಂದರೆ ಥೈರಾಯ್ಡಿನಲ್ಲಲ್ಲ, ಆಜ್ಞೆ ಕೊಡುವ ಪಿಟ್ಯುಟರಿಯಲ್ಲೇ ಇರಬಹುದು. ಆಗ ಟಿಎಸ್‌ಎಚ್ ನೋಡಿ ಡೋಸ್ ಹೊಂದಿಸುವ ಹಾಗಿಲ್ಲ, ಫ್ರೀ ಟಿ4 ನೋಡಬೇಕು. ಇಂಥವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನ್ ಕೂಡ ಕಡಿಮೆ ಇರಬಹುದು. ಅದನ್ನು ನೋಡದೆ ಥೈರಾಕ್ಸಿನ್ ಶುರುಮಾಡಿದರೆ ಪ್ರಾಣಾಪಾಯವಾಗಬಹುದು. ತೂಕ ಇಳಿಯುವುದು, ಎದ್ದು ನಿಂತರೆ ತಲೆಸುತ್ತು, ವಾಂತಿ, ಇಂಥದ್ದೇನಾದರೂ ಇದ್ದರೆ ಡಾಕ್ಟರಿಗೆ ಹೇಳದೇ ಇರಬೇಡಿ.

ಯಾವಾಗ ಆಸ್ಪತ್ರೆಗೆ ಓಡ್ಬೇಕು?

ಥೈರಾಯ್ಡ್ ಕಡಿಮೆ ಇರುವವರು, ಅದರಲ್ಲೂ ವಯಸ್ಸಾದವರು, ತಿಂಗಳುಗಟ್ಟಲೆ ಮಾತ್ರೆ ಬಿಟ್ಟು, ಆಮೇಲೆ ಒಂದು ಸೋಂಕು ಬಂದು, ಮೈ ತಣ್ಣಗಾಗಿ, ಮಾತು ತೊದಲಿ, ಎಬ್ಬಿಸಿದರೂ ಏಳದ ಹಾಗೆ ಮಂಪರಿಗೆ ಜಾರಿದರೆ ಒಂದು ನಿಮಿಷವೂ ಕಾಯಬೇಡಿ. ಮಿಕ್ಸೆಡೀಮಾ ಕೋಮಾ ಅನ್ನುತ್ತಾರೆ. ಅಪರೂಪ, ಆದರೆ ಕೊಲ್ಲುತ್ತದೆ. ಡೋಸ್ ಜಾಸ್ತಿಯಾಗಿ ಎದೆನೋವು, ಉಸಿರಾಟಕ್ಕೆ ಕಷ್ಟ, ತಾಳ ತಪ್ಪಿದ ಎದೆಬಡಿತ ಬಂದರೂ ಹಾಗೆಯೇ.

ಡಾಕ್ಟರ್ ಹತ್ರ ಹೋದ್ರೆ ಐದೇ ನಿಮಿಷ ಸಿಗುತ್ತೆ. ಏನು ತಗೊಂಡು ಹೋಗ್ಲಿ?

ನೀವು ನುಂಗುವ ಎಲ್ಲಾ ಮಾತ್ರೆ, ಪುಡಿ, ಟಾನಿಕ್ ಒಂದು ಚೀಲದಲ್ಲಿ. ಹೆಸರು ಬರೆದ ಚೀಟಿ ಅಲ್ಲ, ಡಬ್ಬಿಗಳೇ. ಜೊತೆಗೆ ಒಂದು ನೋಟ್‌ಬುಕ್. ನನ್ನದರಲ್ಲಿ ಒಂದೊಂದು ಟೆಸ್ಟಿಗೆ ಒಂದೊಂದು ಗೆರೆ: ತಾರೀಕು, ಹೊತ್ತು, ಟಿಎಸ್‌ಎಚ್, ಫ್ರೀ ಟಿ4, ಡೋಸ್, ಬ್ರ್ಯಾಂಡ್, ತೂಕ. ಕೊನೆಯ ಖಾನೆಯಲ್ಲಿ ಆ ತಿಂಗಳು ಏನು ಬದಲಾಯಿತು ಅನ್ನುವುದು. "ಗ್ಯಾಸ್ ಮಾತ್ರೆ ಶುರು", "ಎಂಟು ದಿನ ಪ್ರಯಾಣ, ನಾಲ್ಕು ಮಾತ್ರೆ ಮಿಸ್", "ಬೇರೆ ಲ್ಯಾಬ್". ಡಾಕ್ಟರು ಮೊದಲು ಓದುವುದು ಆ ಕೊನೆಯ ಖಾನೆಯನ್ನೇ.